ಪ್ಲಾಸ್ಮಾ ಸಾಂದ್ರತೆಯ ಮಾಪನ: ರೇಡಿಯೋ ತರಂಗ ವಿಧಾನ ಮತ್ತು ಗೌರಿಬಿದನೂರು ವೀಕ್ಷಣಾಲಯ

ಅನಿಲವು ಅತಿಯಾಗಿ ಕಾದಾಗ ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಡುತ್ತವೆ. ಈ ಸ್ಥಿತಿಯನ್ನು ಪ್ಲಾಸ್ಮಾ ಎನ್ನಲಾಗುತ್ತದೆ. ಒಂದು ಘನ ಸೆಂಟಿಮೀಟರಿನಲ್ಲಿರುವ ಎಲೆಕ್ಟ್ರಾನುಗಳ ಸಂಖ್ಯೆಯೇ ಅದರ ಸಾಂದ್ರತೆ. ಈ ಸಂಖ್ಯೆಗೆ ಅನುಗುಣವಾಗಿ ಪ್ಲಾಸ್ಮಾಗೆ ತನ್ನದೇ ಆದ ಒಂದು ಆವೃತ್ತಿ (ಕಂಪನಾಂಕ) ಇರುತ್ತದೆ. ಅದಕ್ಕಿಂತ ಹೆಚ್ಚಿನ ಆವೃತ್ತಿಯ ತರಂಗವು ಪ್ಲಾಸ್ಮಾವನ್ನು ದಾಟಿ ಹೋಗುತ್ತದೆ. ಕಡಿಮೆ ಆವೃತ್ತಿಯದು ಪ್ರತಿಫಲಿಸಿ ಹಿಂದಿರುಗುತ್ತದೆ. ಸಾಂದ್ರತೆ ನಾಲ್ಕು ಪಟ್ಟಾದರೆ ಈ ಆವೃತ್ತಿ ಎರಡು ಪಟ್ಟಾಗುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ರೇಡಿಯೋ ವೀಕ್ಷಣಾಲಯದಲ್ಲಿ ನಡೆಯುವ ಸೂರ್ಯನ ಅಧ್ಯಯನಕ್ಕೂ ಇದೇ ನಿಯಮ ಆಧಾರ.

ಅಯಾನುಗೋಳ

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನಂತಹ ಊರುಗಳಲ್ಲಿ ಹಿಂದೆ ರಾತ್ರಿ ವೇಳೆ ಸಿಲೋನ್ ರೇಡಿಯೋ ಕೇಳಿಬರುತ್ತಿದ್ದುದು ಈ ಪ್ರತಿಫಲನದಿಂದಲೇ. ಮೇಲ್ವಾತಾವರಣದ ಅಯಾನುಗೋಳದಲ್ಲಿ ಘನ ಸೆಂಟಿಮೀಟರಿಗೆ 10 ಲಕ್ಷ ಎಲೆಕ್ಟ್ರಾನುಗಳಿದ್ದರೆ ಸುಮಾರು 9 ಮೆಗಾಹರ್ಟ್ಸ್‌ವರೆಗಿನ ತರಂಗಗಳು ನೇರವಾಗಿ ಮೇಲೇರಿದರೂ ಹಿಂದಿರುಗುತ್ತವೆ. ಇಂತಹ ಪದರವಿರುವುದನ್ನು 1924ರಲ್ಲಿ ಇಂಗ್ಲೆಂಡಿನ ಆಪಲ್ಟನ್ ಪ್ರಯೋಗದಿಂದ ತೋರಿಸಿದರು. 1947ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಸಮ್ಮಿಲನ ಯಂತ್ರಗಳಲ್ಲಿ

ಪರಮಾಣು ಬೀಜಗಳ ಸಮ್ಮಿಲನದಿಂದ ಶಕ್ತಿ ಪಡೆಯಲು ರೂಪಿಸಲಾಗಿರುವ ಟೊಕಾಮಾಕ್ ಯಂತ್ರಗಳಲ್ಲಿ ಪ್ಲಾಸ್ಮಾವನ್ನು ಕಾಂತಕ್ಷೇತ್ರದಿಂದ ಹಿಡಿದಿಡಲಾಗುತ್ತದೆ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಲ್ಲಿ ಆರಂಭವಾದ ‘ಆದಿತ್ಯ’ ಭಾರತದ ಮೊದಲ ಸ್ವದೇಶಿ ಟೊಕಾಮಾಕ್. ದೊಡ್ಡ ಯಂತ್ರಗಳಲ್ಲಿ ಉಷ್ಣತೆ 10 ಕೋಟಿ ಡಿಗ್ರಿಯನ್ನೂ ಮೀರುವುದರಿಂದ ಒಳಗೆ ಯಾವ ಸಲಕರಣೆಯನ್ನೂ ಇಳಿಸಲಾಗದು. ಆದರೆ ಸಾಂದ್ರತೆಯನ್ನು ಕ್ಷಣಕ್ಷಣಕ್ಕೂ ತಿಳಿಯದೆ ಯಂತ್ರವನ್ನು ನಡೆಸುವಂತಿಲ್ಲ. ಅದು ಮಿತಿ ಮೀರಿದರೆ ಪ್ಲಾಸ್ಮಾ ಏಕಾಏಕಿ ಕುಸಿದು ಯಂತ್ರದ ಗೋಡೆಗೆ ಹಾನಿಯಾಗುವ ಸಂಭವವಿದೆ.

ಆದ್ದರಿಂದ ಹೊರಗಿನಿಂದಲೇ ಮೈಕ್ರೋತರಂಗಗಳನ್ನು ಕಳುಹಿಸಲಾಗುತ್ತದೆ. ಘನ ಸೆಂಟಿಮೀಟರಿಗೆ ಹತ್ತು ಲಕ್ಷ ಕೋಟಿ ಎಲೆಕ್ಟ್ರಾನುಗಳಿರುವ ಪದರವು 28 ಗಿಗಾಹರ್ಟ್ಸ್ ತರಂಗವನ್ನು ಹಿಂದಿರುಗಿಸುತ್ತದೆ. ಆವೃತ್ತಿಯನ್ನು ಏರಿಸುತ್ತ ಹೋದಂತೆ ತರಂಗ ಹೆಚ್ಚು ಹೆಚ್ಚು ಒಳಗಿನ ಪದರದಿಂದ ಮರಳುತ್ತದೆ. ಹೋಗಿಬರಲು ಹಿಡಿದ ಕಾಲದಿಂದ ಆ ಪದರ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಲಾಗುತ್ತದೆ. ಇಲ್ಲೊಂದು ತೊಡಕಿದೆ. ಒಳಗಿನ ಪದರದಿಂದ ಬರುವ ತರಂಗವು ಹೊರಗಿನ ಎಲ್ಲ ಪದರಗಳಲ್ಲಿಯೂ ತಡೆದು ಬರುವುದರಿಂದ, ಅಂಚಿನಲ್ಲಿ ಆದ ಸಣ್ಣ ತಪ್ಪು ಕೇಂದ್ರದವರೆಗೂ ಸಾಗುತ್ತದೆ. ಸಾಂದ್ರತೆ ಅತ್ಯಧಿಕವಾಗಿರುವ ಸ್ಥಳದ ಆಚೆಗೆ ಏನಿದೆ ಎಂಬುದನ್ನು ಈ ಕಡೆಯಿಂದ ಕಳುಹಿಸಿದ ತರಂಗ ತಿಳಿಸಲಾರದು.

ಸೂರ್ಯ

ಸೂರ್ಯನಿಂದ ತರಂಗವನ್ನು ಪ್ರತಿಫಲಿಸುವ ಪ್ರಯತ್ನವೂ ನಡೆದಿದೆ. 1960ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್‌ನ ಎಲ್ ಕ್ಯಾಂಪೊದಿಂದ 38 ಮೆಗಾಹರ್ಟ್ಸ್ ತರಂಗಗಳನ್ನು ಸೂರ್ಯನತ್ತ ಕಳುಹಿಸಿ, 16 ನಿಮಿಷಗಳ ಬಳಿಕ ಪ್ರತಿಧ್ವನಿಯನ್ನು ಆಲಿಸಲಾಗುತ್ತಿತ್ತು. ಗೌರಿಬಿದನೂರಿನಲ್ಲಿ ಏನನ್ನೂ ಕಳುಹಿಸುವುದಿಲ್ಲ. ಸೂರ್ಯನ ಹೊರ ವಾತಾವರಣವಾದ ಕರೋನಾದ ಪ್ಲಾಸ್ಮಾ ತಾನೇ ಹೊಮ್ಮಿಸುವ ತರಂಗಗಳನ್ನು ಸ್ವೀಕರಿಸಲಾಗುತ್ತದೆ. ಯಾವುದೇ ಆವೃತ್ತಿಯ ತರಂಗವು ತನಗೆ ತಕ್ಕ ಪದರಕ್ಕಿಂತ ಕೆಳಗಿನಿಂದ ಹೊರಬರಲಾರದು. ಆದ್ದರಿಂದ ಆವೃತ್ತಿ ಕಡಿಮೆಯಾದಷ್ಟೂ ಕಾಣುವುದು ಕರೋನಾದ ಹೆಚ್ಚು ಎತ್ತರದ ಭಾಗ; ರೇಡಿಯೋ ಸೂರ್ಯ ಕಣ್ಣಿಗೆ ಕಾಣುವ ಸೂರ್ಯನಿಗಿಂತ ದೊಡ್ಡದು.

ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು 1976ರಲ್ಲಿ ಜಂಟಿಯಾಗಿ ಈ ವೀಕ್ಷಣಾಲಯವನ್ನು ಸ್ಥಾಪಿಸಿದವು. ಆಗ ಗೌರಿಬಿದನೂರು ಕೋಲಾರ ಜಿಲ್ಲೆಯಲ್ಲಿತ್ತು. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ 1,000 ದ್ವಿಧ್ರುವ ಆಂಟೆನಾಗಳನ್ನು ಹೂಡಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ವೀಕ್ಷಣೆ ನಡೆಸಲಾಯಿತು. ಪೂರ್ವ–ಪಶ್ಚಿಮ ಬಾಹುವಿನ ಉದ್ದ ಸುಮಾರು 1.4 ಕಿಲೋಮೀಟರ್. ಸೂರ್ಯನ ಚಿತ್ರಗಳನ್ನು ಪಡೆಯುವ ರೇಡಿಯೋ ಹೀಲಿಯೋಗ್ರಾಫ್ 1997ರಿಂದ ಕಾರ್ಯ ನಿರ್ವಹಿಸುತ್ತಿದೆ.

ಸೌರಸ್ಫೋಟದಿಂದ ಹೊರಟ ಆಘಾತ ತರಂಗವು ಮೇಲೇರಿದಂತೆ ವಿರಳ ಪ್ಲಾಸ್ಮಾವನ್ನು ಹಾಯುವುದರಿಂದ ಅದರ ರೇಡಿಯೋ ಆವೃತ್ತಿ ಇಳಿಯುತ್ತ ಹೋಗುತ್ತದೆ. ಈ ಇಳಿಕೆಯಿಂದ ಆಘಾತದ ವೇಗವನ್ನು ಅಂದಾಜು ಮಾಡಲಾಗುತ್ತದೆ. ಇದು ಕೇವಲ ಶಾಸ್ತ್ರದ ಕುತೂಹಲವಲ್ಲ: 1989ರ ಮಾರ್ಚ್ 13ರಂದು ಸೌರಸ್ಫೋಟದಿಂದ ಉಂಟಾದ ಕಾಂತ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸುಮಾರು ಒಂಬತ್ತು ಗಂಟೆಗಳ ಕಾಲ ವಿದ್ಯುತ್ ಕಡಿತಗೊಂಡಿತ್ತು.

ಆದರೆ ಪ್ಲಾಸ್ಮಾ ತನ್ನ ಮೂಲ ಆವೃತ್ತಿಯಲ್ಲಿ ಮಾತ್ರವಲ್ಲದೆ ಅದರ ಇಮ್ಮಡಿಯಲ್ಲಿಯೂ ತರಂಗಗಳನ್ನು ಹೊಮ್ಮಿಸಬಲ್ಲದು. 80 ಮೆಗಾಹರ್ಟ್ಸ್‌ನಲ್ಲಿ ಕಂಡ ಸಂಕೇತ ಮೂಲ ಆವೃತ್ತಿಯದಾದರೆ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 8 ಕೋಟಿ; ಇಮ್ಮಡಿಯದಾದರೆ ಕೇವಲ 2 ಕೋಟಿ. ಎರಡರಲ್ಲಿ ಯಾವುದೆಂದು ತಪ್ಪಾಗಿ ತಿಳಿದರೆ ಆಘಾತದ ಎತ್ತರ ಮತ್ತು ವೇಗದ ಲೆಕ್ಕ ಕೆಡುತ್ತದೆ. ಆದ್ದರಿಂದ ರೇಡಿಯೋ ಚಿತ್ರಗಳಲ್ಲಿ ಕಾಣುವ ಎತ್ತರವನ್ನು ಕರೋನಾಗ್ರಾಫ್ ಉಪಕರಣಗಳು ತೆಗೆದ ಬೆಳಕಿನ ಚಿತ್ರಗಳೊಂದಿಗೆ ಹೋಲಿಸಿ ನೋಡಲಾಗುತ್ತದೆ. ಭಾರತೀಯ ಖಭೌತ ಸಂಸ್ಥೆಯೇ ನಿರ್ಮಿಸಿದ ಅಂತಹ ಒಂದು ಕರೋನಾಗ್ರಾಫ್ 2023ರ ಸೆಪ್ಟೆಂಬರ್ 2ರಂದು ಉಡಾವಣೆಗೊಂಡ ಆದಿತ್ಯ–ಎಲ್1 ನೌಕೆಯಲ್ಲಿದೆ.