ನೆಲವಿಲ್ಲದ ಮನೆ

‘ಗೃಹಸ್ಥ’ನೆಂಬ ಶಬ್ದಕ್ಕೆ ಗೃಹದಲ್ಲಿ ನೆಲೆಗೊಂಡವನೆಂದೇ ಅರ್ಥ. ಇತರ ಆಶ್ರಮಗಳವರನ್ನು ಪೋಷಿಸುವ ಭಾರವನ್ನು ನಮ್ಮ ಶಾಸ್ತ್ರಕಾರರು ಇವನ ಮೇಲೆಯೇ ಹೊರಿಸಿರುವರು. ಆದರೆ ನಿಂತಿರುವ ನೆಲವೇ ಅವನದಲ್ಲದಿದ್ದರೆ ಅವನನ್ನು ಗೃಹಸ್ಥನೆನ್ನುವುದೆಂತು?

ಸುಮಾರು ನಲವತ್ತು ವರ್ಷಗಳ ಕೆಳಗೆ ನಾನು ಉಪಾಧ್ಯಾಯನಾಗಿದ್ದ ಊರಿನ ಸಮೀಪದಲ್ಲಿ ಲಂಬಾಣಿಗಳ ತಾಂಡಾ ಒಂದಿದ್ದಿತು. ಒಂದು ಮಳೆಗಾಲದಲ್ಲಿ ಶಿಷ್ಯನೊಬ್ಬನ ಮನೆಯ ಮಣ್ಣುಗೋಡೆ ಕುಸಿಯಿತು. ‘ಈ ಸಲವಾದರೂ ಕಲ್ಲಿನ ತಳಪಾಯ ಹಾಕಬಾರದೆ?’ ಎಂದು ಅವನ ತಂದೆಯನ್ನು ಕೇಳಿದೆನು. ‘ನೆಲ ನಮ್ಮದಲ್ಲ, ಮೇಷ್ಟ್ರೇ. ನಾಳೆ ಏಳು ಅಂದರೆ ಕಲ್ಲನ್ನು ಹೊತ್ತುಕೊಂಡು ಹೋಗಲಾದೀತೆ?’ ಎಂದನು. ನನ್ನಲ್ಲಿ ಉತ್ತರವಿರಲಿಲ್ಲ.

ಬಡವನ ಮನೆಗೆ ನೆಲ, ಧನ, ದ್ರವ್ಯಗಳೆಂಬ ಮೂರು ಸಾಧನಗಳು ಬೇಕು. ಇವುಗಳಲ್ಲಿ ಧನವು ಮೊದಲು ಬಂದಿತು. ನೆಲವು ತಡವಾಗಿ ಬಂದಿತು. ಇದೇ ನಮ್ಮ ಗ್ರಾಮವಸತಿಯ ಚರಿತ್ರೆಯ ಸಾರ.

ಕೇಂದ್ರ ಸರಕಾರದ ಇಂದಿರಾ ಆವಾಸ್ ಯೋಜನೆಯು 1985-86ರಲ್ಲಿ ಆರಂಭವಾಗಿ, 1996ರಲ್ಲಿ ಸ್ವತಂತ್ರ ಯೋಜನೆಯಾಯಿತು. ನಮ್ಮ ರಾಜ್ಯದ ಆಶ್ರಯ ಯೋಜನೆಯು 1991-92ರಲ್ಲಿ ಹುಟ್ಟಿತು. 2016ರಲ್ಲಿ ಇಂದಿರಾ ಆವಾಸಿನ ಸ್ಥಾನಕ್ಕೆ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆಯು ಬಯಲು ಸೀಮೆಯ ಮನೆಗೆ 1,20,000 ರೂಪಾಯಿಗಳನ್ನೂ ಗುಡ್ಡಗಾಡಿನ ಮನೆಗೆ 1,30,000 ರೂಪಾಯಿಗಳನ್ನೂ ಗೊತ್ತುಮಾಡಿತು. ಮನೆಯು 25 ಚದರ ಮೀಟರಿಗೆ ಕಡಮೆಯಾಗಬಾರದೆಂದು ವಿಧಿಸಿತು. ಆದರೆ ಕೈಗೆ ಹಣ ಬಂದರೂ ಕಟ್ಟುವುದಕ್ಕೆ ಸ್ವಂತ ನಿವೇಶನವಿಲ್ಲದವನು ಮಾಡುವುದೇನು?

ದೇವರಾಜ ಅರಸರ ಕಾಲದಲ್ಲಿ 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯು ಉಳುವವನನ್ನು ಹೊಲಕ್ಕೆ ಒಡೆಯನನ್ನಾಗಿ ಮಾಡಿತು. ಅದರ 38ನೆಯ ಕಲಮು ಪರರ ನೆಲದಲ್ಲಿ ಮನೆಮಾಡಿಕೊಂಡಿದ್ದ ಕೃಷಿಕಾರ್ಮಿಕನಿಗೂ ಆ ಮನೆಯ ಹಕ್ಕನ್ನಿತ್ತಿತು. ಆದರೂ ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿಗಳಲ್ಲಿ ಎಷ್ಟೋ ಕಂದಾಯದ ದಾಖಲೆಗಳಲ್ಲಿ ಗ್ರಾಮಗಳಾಗಿ ಕಾಣಿಸಲೇ ಇಲ್ಲ. ಜನರು ಕಣ್ಣೆದುರಿಗಿದ್ದರು, ಕಾಗದದಲ್ಲಿ ಇರಲಿಲ್ಲ. ಕಾಗೋಡು ತಿಮ್ಮಪ್ಪನವರು ಕಂದಾಯ ಸಚಿವರಾಗಿದ್ದಾಗ ತಂದ ತಿದ್ದುಪಡಿಯು ಇಂತಹ ವಸತಿಗಳಲ್ಲಿ ವಾಸಿಸುವವನನ್ನೇ ಮನೆಯ ಒಡೆಯನೆಂದು ಒಪ್ಪಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರಗಳ ವಿತರಣೆಯಾಯಿತು. 1974ರಿಂದ ಎಣಿಸಿದರೆ ಇದು ಅರ್ಧ ಶತಮಾನದ ದಾರಿ.

ಇನ್ನು ದ್ರವ್ಯದ ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೋಪಯೋಗಿ ತಂತ್ರಜ್ಞಾನದ ಕೇಂದ್ರವನ್ನು ಕಟ್ಟಿದರು. ಅಲ್ಲಿ ಕೆ.ಎಸ್. ಜಗದೀಶರೇ ಮೊದಲಾದವರು, ಸ್ಥಳದ ಮಣ್ಣಿಗೆ ಸ್ವಲ್ಪ ಸಿಮೆಂಟನ್ನು ಬೆರಸಿ, ಕೈಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿಮಾಡುವ ಇಟ್ಟಿಗೆಯನ್ನು ಬೆಳಕಿಗೆ ತಂದರು. ಇದನ್ನು ಸುಡಬೇಕಾಗಿಲ್ಲವಾದುದರಿಂದ ಸೌದೆಯ ವೆಚ್ಚವಿಲ್ಲ. ಮಣ್ಣು ಸಮೀಪದ್ದಾದುದರಿಂದ ಸಾಗಣೆಯ ವೆಚ್ಚವೂ ಅಲ್ಪ. ರಸ್ತೆಯಿಲ್ಲದ ಊರಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಎಂತಹ ಇಟ್ಟಿಗೆಯಾದರೂ ಸ್ಥಿರವಾದ ನೆಲದ ಮೇಲೆಯೇ ನಿಲ್ಲಬೇಕಷ್ಟೆ. ವಾಚಕರಲ್ಲಿ ನನ್ನ ಪ್ರಾರ್ಥನೆಯಿಷ್ಟೇ: ನಿಮ್ಮ ಊರಿನ ಅಂಚಿನ ಹಟ್ಟಿಗೆ ಒಮ್ಮೆ ಹೋಗಿರಿ, ಹಕ್ಕುಪತ್ರ ಬಾರದವರ ಅರ್ಜಿಯನ್ನು ಓದಿಕೊಡಿರಿ, ಬರೆದುಕೊಡಿರಿ. ಅಕ್ಷರ ಕಲಿತವರಿಗೆ ಇದಕ್ಕಿಂತ ಸುಲಭವಾದ ಗೃಹದಾನವಿಲ್ಲ. ಅಂದು ನಾನು ಆ ತಂದೆಗೆ ಇಷ್ಟನ್ನಾದರೂ ಮಾಡಬಹುದಾಗಿತ್ತು, ಮಾಡಲಿಲ್ಲ.