ಪಾತ್ರವೂ ಪಾತ್ರಧಾರಿಯೂ

೨೦೨೫ನೆಯ ಇಸವಿಯಲ್ಲಿ ‘ಮಜಾ ಟಾಕೀಸ್’ ಎಂಬ ಹಾಸ್ಯ ಕಾರ್ಯಕ್ರಮವು ಕಲರ್ಸ್ ಕನ್ನಡ ವಾಹಿನಿಯಲ್ಲಿ ಪುನಃ ಆರಂಭವಾದಾಗ ನನ್ನ ತರಗತಿಯ ಹುಡುಗಿಯೊಬ್ಬಳು ಪಾಠದ ನಡುವೆಯೇ ಎದ್ದು ನಿಂತು, “ವರಲಕ್ಷ್ಮಿ ಎಲ್ಲಿ ಹೋದಳ್ರಿ ಸರ್?” ಎಂದು ಕೇಳಿದಳು. ಆ ಪಾತ್ರವನ್ನು ವಹಿಸುತ್ತಿದ್ದ ಅಪರ್ಣಾ ಅವರು ೨೦೨೪ರ ಜುಲೈ ೧೧ರಂದು ನಿಧನರಾದರೆಂದು ತಿಳಿಸಿದೆನು. ಹುಡುಗಿ ತುಸು ಹೊತ್ತು ಸುಮ್ಮನಿದ್ದು, “ಹಂಗಾದರ ಬ್ಯಾರೆಯವರು ವರಲಕ್ಷ್ಮಿ ಆಗಬೇಕಿತ್ತಲ್ರಿ” ಎಂದಳು. ಒಡನೆ ನನಗೆ ಉತ್ತರ ತೋಚಲಿಲ್ಲ.

ನಮ್ಮ ಹಿರಿಯರ ಕಾಲದ ಕಂಪನಿ ನಾಟಕಗಳಲ್ಲಿ ಅವಳು ಹೇಳಿದಂತೆಯೇ ನಡೆಯುತ್ತಿತ್ತು. ತುಮಕೂರು ಸೀಮೆಯ ಗುಬ್ಬಿಯಲ್ಲಿ ೧೮೮೪ರಲ್ಲಿ ಸ್ಥಾಪಿತವಾದ ಕಂಪನಿಯನ್ನೇ ನೋಡಿರಿ. ೧೮೯೧ರಲ್ಲಿ ಜನಿಸಿದ ವೀರಣ್ಣನವರು ಬಾಲಕರಾಗಿದ್ದಾಗಲೇ ಅದನ್ನು ಸೇರಿ, ಮುಂದೆ ಅದರ ಒಡೆಯರೇ ಆದರು. ಕಂಪನಿಯ ಬಿಡಾರದಲ್ಲಿ ಬೆಳೆಯುವ ಹುಡುಗರು ರಾತ್ರಿ ರಾತ್ರಿಯೂ ಅದೇ ಮಾತು, ಅದೇ ರಂಗಗೀತೆಗಳನ್ನು ಕೇಳುತ್ತಿದ್ದರು. ಇಂದು ಬಾಲವೇಷ, ನಾಳೆ ಸ್ತ್ರೀಪಾತ್ರ, ದನಿ ಒಡೆದ ಮೇಲೆ ರಾಜನೋ ಮಂತ್ರಿಯೋ ಆಗುವುದು ಸಾಮಾನ್ಯವಾಗಿತ್ತು. ಒಬ್ಬನು ಜ್ವರದಿಂದ ಮಲಗಿದರೆ ಮತ್ತೊಬ್ಬನು ಬಣ್ಣ ಹಚ್ಚಿಕೊಳ್ಳುವನು. ನಾಟಕವು ಬರೆದಿಟ್ಟ ವಸ್ತುವಾದುದರಿಂದ ಪಾತ್ರವು ಕೈಯಿಂದ ಕೈಗೆ ದಾಟುತ್ತಿತ್ತು. ‘ಸದಾರಮೆ’ಯ ಕಳ್ಳನೆಂದರೆ ವೀರಣ್ಣನವರೇ ಎಂದು ಜನ ಭಾವಿಸಿದ್ದರು. ೧೯೭೨ರಲ್ಲಿ ವೀರಣ್ಣನವರು ತೀರಿಕೊಂಡರು, ಕಳ್ಳನು ತೀರಿಕೊಳ್ಳಲಿಲ್ಲ. ಅವರ ಮೊಮ್ಮಗಳು ಬಿ. ಜಯಶ್ರೀಯವರು ಆ ನಾಟಕವನ್ನು ಮತ್ತೆ ರಂಗಕ್ಕೆ ತಂದು, ಕಳ್ಳನ ವೇಷವನ್ನು ತಾವೇ ಧರಿಸಿದರು. ಗಂಡಸರು ಸೀರೆಯುಟ್ಟು ರಾಣಿಯರಾಗುತ್ತಿದ್ದ ರಂಗಭೂಮಿಗೆ ಇದು ಸೊಗಸಾದ ಮರುಪಾವತಿಯೆಂದು ನನ್ನ ಭಾವನೆ.

ಹಿರಣ್ಣಯ್ಯನವರ ಮಂಡಳಿಯ ಸಂಗತಿ ಸ್ವಲ್ಪ ಬೇರೆ. ಕೆ. ಹಿರಣ್ಣಯ್ಯನವರು ೧೯೫೩ರಲ್ಲಿ ಕಾಲವಾದಾಗ ಮಗನಿಗೆ ಹತ್ತೊಂಬತ್ತು ವರ್ಷ. ನರಸಿಂಹಮೂರ್ತಿ ಎಂಬ ಸ್ವಂತ ಹೆಸರು ಹಿಂದೆ ಸರಿದು, ಆತನೇ ಮಾಸ್ಟರ್ ಹಿರಣ್ಣಯ್ಯನೆಂದು ನಾಡಿಗೆ ಪರಿಚಿತನಾದನು. ಇಲ್ಲಿ ದಾಟಿ ಬಂದುದು ಪಾತ್ರವೊಂದೇ ಅಲ್ಲ, ಹೆಸರು ಸಹ. ಆದರೆ ಅವರ ‘ಲಂಚಾವತಾರ’ವು ಬರೆದಿಟ್ಟ ಮಾತಿನ ಮೇಲಷ್ಟೇ ನಿಂತ ನಾಟಕವಲ್ಲ. ಆ ದಿನದ ಸುದ್ದಿ, ಆ ಊರಿನ ಅಧಿಕಾರಿ, ಎದುರಿಗೆ ಕುಳಿತ ಮಂತ್ರಿ, ಎಲ್ಲವೂ ಅಂದಂದಿನ ಮಾತಿನೊಳಗೆ ಬರುತ್ತಿದ್ದವು. ೨೦೧೯ರ ಮೇ ೨ರಂದು ಅವರು ಅಗಲಿದಾಗ ಹಸ್ತಪ್ರತಿ ಉಳಿಯಿತು. ಆ ನಾಲಗೆಯನ್ನು ಯಾವ ಹಸ್ತಪ್ರತಿಯಲ್ಲಿ ಬರೆದಿಡುವುದು? ದೂರದರ್ಶನದ ಯುಗದಲ್ಲಿ ಹಾಸ್ಯವು ಹಿಡಿದ ದಾರಿಯ ಮೊದಲ ಹೆಜ್ಜೆ ಇಲ್ಲಿಯೇ ಕಾಣುತ್ತದೆ.

ಆ ಯುಗವನ್ನು ನಮ್ಮ ಭಾಗದವರು ಎರಡು ಭಾಷೆಗಳಲ್ಲಿ ನೋಡಿದ್ದೇವೆ. ೧೯೫೬ರವರೆಗೆ ನಾರಾಯಣಖೇಡವು ಬೀದರ ಜಿಲ್ಲೆಯ ತಾಲೂಕು. ತರುವಾಯ ಮೆದಕ್, ೨೦೧೬ರಿಂದ ಸಂಗಾರೆಡ್ಡಿ ಜಿಲ್ಲೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು. ಆದ್ದರಿಂದ ೨೦೧೩ರಲ್ಲಿ ಈಟಿವಿಯಲ್ಲಿ ಮೊದಲಾದ ‘ಜಬರ್ದಸ್ತ್’ ನಮ್ಮ ಮಕ್ಕಳಿಗೆ ಬಾಯಿಪಾಠ. ಅದರಲ್ಲಿ ಕಿರುಪ್ರಹಸನಗಳನ್ನು ಆಡುವ ತಂಡಗಳಿಗೆ ನಾಯಕರ ಹೆಸರೇ ಹೆಸರು; ನಾಯಕ ಹೋದರೆ ತಂಡದ ಹೆಸರೂ ಹೋಗುತ್ತದೆ. ತೀರ್ಪುಗಾರರ ಕುರ್ಚಿಯಿಂದ ನಾಗಬಾಬು ೨೦೧೯ರಲ್ಲಿ ಎದ್ದರು. ರೋಜಾ ಅವರು ೨೦೨೨ರಲ್ಲಿ ಆಂಧ್ರಪ್ರದೇಶದ ಮಂತ್ರಿಯಾಗಿ ಎದ್ದರು. ಅದೇ ವರ್ಷ ನಿರೂಪಕಿ ಅನಸೂಯಾ ಸಹ ಬಿಟ್ಟರು. ಕುರ್ಚಿಗಳು ಮಾತ್ರ ಬರಿದಾಗಿ ಉಳಿಯಲಿಲ್ಲ. ಹೋದವರೆಲ್ಲ ಮರೆಯಾದರೆಂದೂ ತಿಳಿಯಬಾರದು. ಮೊದಲ ದಿನಗಳಲ್ಲಿ ತಂಡ ನಡೆಸಿದ ಸಿರಿಸಿಲ್ಲದ ವೇಣು ಯೆಲ್ದಂಡಿಯವರೇ ೨೦೨೩ರಲ್ಲಿ ‘ಬಲಗಂ’ ಚಿತ್ರವನ್ನು ನಿರ್ದೇಶಿಸಿ ತೆಲಂಗಾಣದ ಹಳ್ಳಿಹಳ್ಳಿಗಳನ್ನು ಅಳಿಸಿದರು. ನಗಿಸಿದವನ ಕೈಯಿಂದ ಅಳುವುದೆಂದರೆ ಹೀಗೆ.

ಅಮೆರಿಕೆಯಲ್ಲಿ ೧೯೭೫ರಿಂದ ನಡೆಯುತ್ತಿರುವ ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಕಾರ್ಯಕ್ರಮದಲ್ಲಿಯೂ ೧೯೮೦ರಲ್ಲಿ ನಿರ್ಮಾಪಕರೊಡನೆ ಆಗ ಇದ್ದ ನಟವರ್ಗವೆಲ್ಲ ಹೊರಬಿದ್ದಿತು. ಹೊಸಬರು ಬಂದರು, ಅವರಲ್ಲಿ ಎಡ್ಡಿ ಮರ್ಫಿ ಒಬ್ಬರು. ಆದರೆ ಅವರು ಹಳಬರ ಪಾತ್ರಗಳನ್ನು ಆಡಲಿಲ್ಲ, ತಮ್ಮವನ್ನು ತಾವೇ ಹುಟ್ಟಿಸಿಕೊಂಡರು.

ಈಗ ವರಲಕ್ಷ್ಮಿಯ ಕಡೆಗೆ ಬರೋಣ. ೨೦೧೫ರಲ್ಲಿ ‘ಮಜಾ ಟಾಕೀಸ್’ ನಡೆಸಲು ಬಂದ ಸೃಜನ್ ಲೋಕೇಶ್ ಅವರು ೧೯೩೪ರ ‘ಸತಿ ಸುಲೋಚನ’ದ ನಾಯಕ, ಕಂಪನಿ ನಾಟಕದ ಸುಬ್ಬಯ್ಯ ನಾಯ್ಡು ಅವರ ಮೊಮ್ಮಗ. ಅಲ್ಲಿಯೂ ಕುರ್ಚಿಯ ಪ್ರಶ್ನೆ ಸುಲಭವಾಗಿತ್ತು: ಇಂದ್ರಜಿತ್ ಲಂಕೇಶ್ ಕುಳಿತಿದ್ದೆಡೆ ೨೦೨೫ರಲ್ಲಿ ಯೋಗರಾಜ ಭಟ್ಟರು ಕುಳಿತರು. ವರಲಕ್ಷ್ಮಿಯ ವಿಷಯ ಹಾಗಲ್ಲ. ಅಪರ್ಣಾ ಅವರು ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದಲ್ಲಿ ಅಭಿನಯಿಸಿ, ಅನಂತರ ನಿರೂಪಕಿಯಾಗಿ ಮನೆಮನೆಗೆ ಪರಿಚಿತರಾದರು. ಬೆಂಗಳೂರಿನ ಮೆಟ್ರೋ ರೈಲಿನಲ್ಲಿ ಮುಂದಿನ ನಿಲ್ದಾಣವನ್ನು ಕನ್ನಡದಲ್ಲಿ ಸಾರುತ್ತ ಬಂದ ದನಿಯೂ ಅವರದೇ. ಒಂದು ಅಲ್ಪಪ್ರಾಣ ಮಹಾಪ್ರಾಣವಾಗದ, ಒಂದು ‘ಹ’ಕಾರ ಜಾರದ ಆ ಕಂಠವು ಬಡಾಯಿಯ ವರಲಕ್ಷ್ಮಿಯಾಗಿ ಕೊಂಕಿ ಕುಣಿದಾಗಲೇ ನಗೆ ಹುಟ್ಟುತ್ತಿದ್ದುದು. ಶುದ್ಧ ಕನ್ನಡ ನುಡಿಯಬಲ್ಲವರೆಂದು ನಾವು ಬಲ್ಲೆವಾದ್ದರಿಂದಲೇ ನಕ್ಕೆವು. ಬರೆದವರು ಪಾತ್ರವನ್ನು ಆ ದನಿಯ ಅಳತೆಗೆ ಹೊಲಿದಿದ್ದರು. ಮತ್ತೊಬ್ಬರ ಮೈಗೆ ಅದು ಹಿಡಿಸಲಾರದು.

ಇದನ್ನು ಆ ಹುಡುಗಿಗೆ ಮರುದಿನ ಹೇಳಿದೆನು. ಅವಳು ಅರ್ಧ ಒಪ್ಪಿದಳು. ಉಳಿದರ್ಧಕ್ಕೆ ಅವಳಲ್ಲಿ ಕಾರಣವಿತ್ತು. ಹಿಂದಿನ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ನಾನೊಂದು ಕಿರುನಾಟಕ ಬರೆದಿದ್ದೆ. ಕಿರಾಣಿ ಅಂಗಡಿಯ ಶೆಟ್ಟಿಯ ಪಾತ್ರವನ್ನು ಒಬ್ಬ ಹುಡುಗನ ಉಗ್ಗನ್ನೂ ನಗುವನ್ನೂ ನೋಡಿಯೇ ಬರೆದಿದ್ದೆ. ಅವನ ತಂದೆತಾಯಿಗಳು ಕಬ್ಬು ಕಡಿಯುವ ಕೆಲಸಕ್ಕೆ ಹೊರಟಾಗ ಅವನನ್ನೂ ಕರೆದೊಯ್ದರು. ಬೇರೆ ಯಾರ ಬಾಯಲ್ಲಿಯೂ ಆ ಮಾತು ಸರಿಹೊಂದದೆ ನಾಟಕವನ್ನೇ ಕೈಬಿಟ್ಟೆವು. ಬಣ್ಣದ ಕಾಗದ ಕತ್ತರಿಸಿಟ್ಟಿದ್ದ ಮಕ್ಕಳು ಅತ್ತರು, ಇವಳೂ ಅವರಲ್ಲೊಬ್ಬಳು.

ಈ ವರ್ಷ ಕಂಪನಿಯವರ ಕ್ರಮ ಹಿಡಿದಿದ್ದೇನೆ. ಎಲ್ಲರೂ ಎಲ್ಲರ ಮಾತನ್ನೂ ಕಲಿಯುತ್ತಿದ್ದಾರೆ. ಶೆಟ್ಟಿಯ ಪಾತ್ರಕ್ಕೆ ಮೂವರಿದ್ದಾರೆ. ಮೂವರಲ್ಲಿ ಈ ಹುಡುಗಿಯೇ ಮೇಲು, ಮೀಸೆ ಮಾತ್ರ ಅಂಟಿ ನಿಲ್ಲುತ್ತಿಲ್ಲ. ಕಬ್ಬಿನ ಊರಿನಿಂದ ಆ ಹುಡುಗನು ಅಷ್ಟರೊಳಗೆ ಮರಳಿದರೆ ಶೆಟ್ಟಿ ಯಾರಾಗಬೇಕೆಂಬುದನ್ನು ಅವರವರೇ ತೀರ್ಮಾನಿಸಲೆಂದು ಬಿಟ್ಟಿದ್ದೇನೆ.