ಊರ ಮನೆಗೆ ಬೋರ್‌ವೆಲ್: ಅಡಿ ರೇಟು ಮಾತ್ರ ನೋಡಬೇಡಿ, ಒಟ್ಟು ಲೆಕ್ಕ ಹೀಗಿದೆ

ಊರಲ್ಲಿ ರಾತ್ರಿ ಹನ್ನೊಂದು ಗಂಟೆ. ದುಬೈಯಲ್ಲಿ ಒಂಬತ್ತೂವರೆ, ರಿಯಾದ್, ಕುವೈತ್, ದೋಹಾದಲ್ಲಿ ಎಂಟೂವರೆ. ಡ್ಯೂಟಿ ಮುಗಿಸಿ ರೂಮಿಗೆ ಬಂದವರಿಗೆ ಮನೆಯಿಂದ ಫೋನ್ ಬರುತ್ತದೆ. "ನಾನೂರು ಅಡಿ ಆಯ್ತು, ನೀರು ಸಿಕ್ಕಿಲ್ಲ. ಇನ್ನೂ ನೂರು ಅಡಿ ಹೊಡೆಸುವುದಾ ಅಂತ ಕೇಳ್ತಿದ್ದಾರೆ. ಗಾಡಿ ನಿಲ್ಲಿಸಿದ್ದಾರೆ, ಬೇಗ ಹೇಳು."

ಯೋಚನೆ ಮಾಡಲು ಸಮಯವಿಲ್ಲ. ಇಷ್ಟು ಆಗಿದೆ, ಇನ್ನು ನೂರು ಅಡಿ ತಾನೇ ಎಂದು ಒಪ್ಪಿಗೆ ಕೊಟ್ಟಾಗುತ್ತದೆ. ಒಂದು ಗಂಟೆ ಬಿಟ್ಟು ಮತ್ತೆ ಅದೇ ಪ್ರಶ್ನೆ. ಬೆಳಗಾಗುವಾಗ ಮೊದಲು ಕೇಳಿದ ಮೊತ್ತದ ಎರಡು ಪಟ್ಟು ಬಿಲ್ ಬಂದಿರುತ್ತದೆ. ನೀರು ಸಿಗಲಿ, ಸಿಗದಿರಲಿ, ಕೊರೆದ ಅಡಿಗೆ ಹಣ ಕೊಡಲೇಬೇಕು. ಆದ್ದರಿಂದ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಗಾಡಿ ಅಂಗಳಕ್ಕೆ ಬರುವ ಮೊದಲೇ ತೀರ್ಮಾನಿಸುವುದು ಒಳ್ಳೆಯದು. ಅದಕ್ಕೆ ಬೇಕಾದ ಲೆಕ್ಕ ಇಲ್ಲಿದೆ.

ಆಳ ಹೆಚ್ಚಿದಂತೆ ರೇಟೂ ಹೆಚ್ಚು

ಬೋರ್‌ವೆಲ್ ಏಜೆಂಟರು ಫೋನಿನಲ್ಲಿ ಹೇಳುವ ಅಡಿ ರೇಟು ಸಾಮಾನ್ಯವಾಗಿ ಮೊದಲ 300 ಅಡಿಗೆ ಮಾತ್ರ. ಅಲ್ಲಿಂದ ಕೆಳಗೆ ಪ್ರತಿ 100 ಅಡಿಗೆ ರೇಟು ಮೇಲೇರುತ್ತದೆ. ಆಳಕ್ಕೆ ಹೋದಂತೆ ಡೀಸೆಲ್ ಹೆಚ್ಚು ಸುಡುತ್ತದೆ, ಕಂಪ್ರೆಸರ್‌ಗೆ ಕೆಲಸ ಹೆಚ್ಚು, ರಾಡ್ ಜೋಡಿಸಿ ತೆಗೆಯಲು ಸಮಯ ಹೆಚ್ಚು.

ಒಂದು ಮಾದರಿ ಲೆಕ್ಕ ನೋಡಿ. ಇದರ ರೇಟುಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ರೇಟು ಹಾಕಿ ಇದೇ ರೀತಿ ಕೂಡಿಸಿಕೊಳ್ಳಿ. ಮೊದಲ 300 ಅಡಿಗೆ ಅಡಿಗೆ 100 ರೂ., 400ರವರೆಗೆ 110, 500ರವರೆಗೆ 120, 600ರವರೆಗೆ 140, 700ರವರೆಗೆ 160, 800ರವರೆಗೆ 180, 900ರವರೆಗೆ 200 ರೂ. ಎಂದಿಟ್ಟುಕೊಳ್ಳೋಣ.

300 ಅಡಿ ಕೊರೆದರೆ: 30,000 ರೂ.
600 ಅಡಿ ಕೊರೆದರೆ: 67,000 ರೂ.
900 ಅಡಿ ಕೊರೆದರೆ: 1,21,000 ರೂ.

ಆಳ ಮೂರು ಪಟ್ಟಾದಾಗ ಖರ್ಚು ನಾಲ್ಕು ಪಟ್ಟಾಯಿತು. ಇದು ಕೊರೆಯುವ ಕೂಲಿ ಮಾತ್ರ. ಕೇಸಿಂಗ್, ಪಂಪ್, ಕೇಬಲ್, ಪೈಪ್ ಇನ್ನೂ ಸೇರಿಲ್ಲ.

ಕೇಸಿಂಗ್ ಪೈಪ್: ಊರಿಗೊಂದು ಲೆಕ್ಕ

ಮೇಲಿನ ಮಣ್ಣು ಕುಸಿದು ಬಾವಿ ಮುಚ್ಚಿಹೋಗದಂತೆ ಗಟ್ಟಿ ಬಂಡೆ ಸಿಗುವವರೆಗೆ ಇಳಿಸುವ ಪೈಪ್ ಕೇಸಿಂಗ್. ಅಡಿ ಲೆಕ್ಕದಲ್ಲಿ ಇದು ಕೊರೆಯುವ ಕೂಲಿಗಿಂತ ಬಹಳ ದುಬಾರಿ. ಬಜೆಟ್ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಬಂಡೆ ಮೇಲೆಯೇ ಇರುವ ಬಯಲುಸೀಮೆಯ ಜಾಗಗಳಲ್ಲಿ ಕಡಿಮೆ ಕೇಸಿಂಗ್ ಸಾಕು. ಮಂಗಳೂರು, ಉಡುಪಿ, ಭಟ್ಕಳ ಕಡೆ ಮುರಕಲ್ಲು, ಅದರ ಕೆಳಗೆ ಜೇಡಿ ಮಣ್ಣಿನ ಪದರ ದಪ್ಪ ಇರುವಲ್ಲಿ ಪೈಪ್ ಉದ್ದ ಎರಡು ಪಟ್ಟೂ ಆಗಬಹುದು. ಅಡಿಗೆ 450 ರೂ. ಎಂದು ಹಿಡಿದರೆ 60 ಅಡಿಗೆ 27,000, 120 ಅಡಿಗೆ 54,000 ರೂ. ಪಕ್ಕದ ಮನೆಯವರು ಎಷ್ಟು ಅಡಿ ಕೇಸಿಂಗ್ ಇಳಿಸಿದ್ದಾರೆ ಎಂದು ವಿಚಾರಿಸುವುದು ಈ ಕಾರಣಕ್ಕೆ. ಪೈಪ್ ಪಿವಿಸಿಯೋ ಜಿಐಯೋ, ಎಷ್ಟು ದಪ್ಪ, ಯಾವ ಕಂಪನಿ ಎಂಬುದೂ ಕೊಟೇಶನ್‌ನಲ್ಲಿ ಬರಲಿ. ಪೈಪ್ ಬಂಡೆಯೊಳಗೆ ಸರಿಯಾಗಿ ಕೂರದಿದ್ದರೆ ಮೇಲಿನ ಕೊಳೆನೀರು, ಮಣ್ಣು ಬಾವಿಗೆ ಇಳಿಯುತ್ತದೆ. ಇಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಮನೆಗೆ ಎಷ್ಟು ನೀರು ಬೇಕು?

"ಎರಡು ಇಂಚು ನೀರು ಬರಲೇಬೇಕು" ಎಂಬ ಹಟದಿಂದ ಆಳಕ್ಕೆ ಹೋದವರು ಬಹಳ. ತೋಟಕ್ಕೆ ಬೇಕಾದಷ್ಟು ನೀರು ಮನೆಗೆ ಬೇಕಾಗಿಲ್ಲ.

ಭಾರತದ ನಗರಗಳ ನೀರು ಪೂರೈಕೆಗೆ ಇರುವ ಅಳತೆ ಒಬ್ಬರಿಗೆ ದಿನಕ್ಕೆ 135 ಲೀಟರ್. ಐದು ಜನರ ಮನೆಗೆ 675 ಲೀಟರ್. ಇಂಚು ಎನ್ನುವುದು ತಗಡಿನಲ್ಲಿ ಕತ್ತರಿಸಿದ 'ವಿ' ಆಕಾರದ ಗಾಲಿಯಲ್ಲಿ ಹರಿಯುವ ನೀರಿನ ಎತ್ತರ. 90 ಡಿಗ್ರಿ 'ವಿ'ಯಲ್ಲಿ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚು ಎಂದರೆ ಅದರ ದುಪ್ಪಟ್ಟಲ್ಲ, ಸುಮಾರು 2,900 ಲೀಟರ್! ಅಂದರೆ ಒಂದು ಇಂಚಿನ ಬಾವಿಯಿಂದ ಎರಡು ಗಂಟೆ ಪಂಪ್ ಓಡಿಸಿದರೆ ಮನೆಯ ಟ್ಯಾಂಕಿಗೆ 1,000 ಲೀಟರ್ ಬಿತ್ತು.

ಬೇಸಿಗೆಯಲ್ಲಿ ನೀರು ಇಳಿಯುವುದು ನಿಜ. ಆದ್ದರಿಂದ ಒಂದು ಇಂಚು ಸಿಕ್ಕಿದ ಮೇಲೆ ಮುಂದೆ ಹೋಗುವುದಾದರೂ ಮೊದಲೇ ಗೆರೆ ಹಾಕಿಕೊಂಡ ಆಳದವರೆಗೆ ಮಾತ್ರ ಹೋಗಿ.

ಪಂಪ್ ಕೊನೆಗೆ ಖರೀದಿಸಿ

ಬಾವಿ 600 ಅಡಿ ಇದೆ ಎಂದ ಮಾತ್ರಕ್ಕೆ ಪಂಪ್ 600 ಅಡಿಗೆ ಬೇಕಾಗಿಲ್ಲ. ನೀರು ಎಷ್ಟು ಅಡಿಯಲ್ಲಿ ನಿಲ್ಲುತ್ತದೆ, ಓಡಿಸಿದಾಗ ಎಷ್ಟು ಕೆಳಗೆ ಇಳಿಯುತ್ತದೆ, ಎಷ್ಟು ಇಂಚು ಬರುತ್ತದೆ ಎಂಬುದರ ಮೇಲೆ ಪಂಪ್ ಆರಿಸಬೇಕು. ಕೊರೆಯುವ ಮೊದಲೇ ಪಂಪ್ ಸೇರಿಸಿ ಪ್ಯಾಕೇಜ್ ಮಾಡಿಕೊಂಡರೆ ಬೇಡದ ಎಚ್‌ಪಿಗೆ ಹಣ ಹೋಗುತ್ತದೆ. ಕಡಿಮೆ ನೀರಿನ ಬಾವಿಗೆ ದೊಡ್ಡ ಪಂಪ್ ಇಳಿಸಿದರೆ ನೀರಿಲ್ಲದೆ ಓಡಿ ಮೋಟಾರ್ ಸುಡುತ್ತದೆ. ಪ್ಯಾನೆಲ್ ಬೋರ್ಡ್‌ನಲ್ಲಿ ಡ್ರೈ ರನ್ ರಕ್ಷಣೆ ಇರಲಿ. ಮನೆಗೆ ಸಿಂಗಲ್ ಫೇಸ್ ಲೈನ್ ಇದ್ದರೆ ಪಂಪ್‌ಗೆ ಲೋಡ್ ಸಾಕಾಗುತ್ತದೆಯೇ ಎಂದು ಮೆಸ್ಕಾಂ, ಜೆಸ್ಕಾಂ ಅಥವಾ ನಿಮ್ಮ ಊರಿನ ವಿದ್ಯುತ್ ಕಚೇರಿಯಲ್ಲಿ ಮೊದಲೇ ಕೇಳಿಸಿ.

ಪಾಯಿಂಟ್, ಅನುಮತಿ, ಸಮಯ

ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರು ಪ್ರತಿ ಊರಲ್ಲೂ ಇದ್ದಾರೆ. ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಲಕ್ಷ ರೂಪಾಯಿ ಹಾಕುವ ಮೊದಲು ಭೂವಿಜ್ಞಾನಿಯಿಂದ ಒಂದು ಸರ್ವೆ ಮಾಡಿಸಿದರೆ ಬಂಡೆ ಎಷ್ಟು ಆಳದಲ್ಲಿದೆ, ಬಿರುಕು ಎಲ್ಲಿರಬಹುದು ಎಂಬ ಅಂದಾಜು ಸಿಗುತ್ತದೆ. ಅದರಿಂದ ನೀರಿನ ಖಾತರಿ ಸಿಗುವುದಿಲ್ಲ, ಆದರೆ ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಆಧಾರ ಸಿಗುತ್ತದೆ. ಶೌಚಗುಂಡಿಯಿಂದ ದೂರ ಇರುವ, ಲಾರಿ ಒಳಗೆ ಬರುವ ಜಾಗವೇ ಆಗಬೇಕು. ಕಾಂಪೌಂಡ್ ಕಟ್ಟುವ ಮೊದಲೇ ಬೋರ್ ಹೊಡೆಸುವುದು ಲೇಸು.

ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ. ಅಧಿಸೂಚಿತ ತಾಲೂಕುಗಳಲ್ಲಿ ಅನುಮತಿ ಬೇಕು, ಬೆಂಗಳೂರಿನಲ್ಲಿ ಜಲಮಂಡಳಿಯ ಅನುಮತಿ ಬೇಕು. ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಕೊರೆಯುವ 15 ದಿನ ಮೊದಲು ಜಾಗದ ಮಾಲೀಕರು ಸ್ಥಳೀಯ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಜಾಗ ನಿಮ್ಮ ಹೆಸರಲ್ಲಿದ್ದರೆ ಅರ್ಜಿಗೆ ಸಹಿ ಹಾಕುವವರು ಯಾರು ಎಂಬುದನ್ನು ಪಂಚಾಯತ್‌ನಲ್ಲಿ ಮುಂಚೆಯೇ ವಿಚಾರಿಸಿ.

ಮಕ್ಕಳ ಶಾಲೆ ರಜೆ ನೋಡಿಕೊಂಡು ಜುಲೈಯಲ್ಲಿ ಊರಿಗೆ ಹೋಗುವವರಿಗೆ ಇನ್ನೊಂದು ಮಾತು. ಆಗ ಕರಾವಳಿಯಲ್ಲಿ ಜೋರು ಮಳೆ. ಲಾರಿ ಕೆಸರಲ್ಲಿ ಹೂತುಹೋಗಬಹುದು. ಮೇಲ್ಪದರದ ನೀರೂ ತುಂಬಿರುವುದರಿಂದ ಬೇಸಿಗೆಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಗೊತ್ತಾಗುವುದಿಲ್ಲ. ಏಪ್ರಿಲ್, ಮೇಯಲ್ಲಿ ನಿಜವಾದ ನೀರು ತಿಳಿಯುತ್ತದೆ, ಆದರೆ ಗಾಡಿಗಳಿಗೆ ಬೇಡಿಕೆ ಹೆಚ್ಚು. ಫೆಬ್ರವರಿಯಲ್ಲೇ ಮಾತಾಡಿಟ್ಟರೆ ಚೌಕಾಶಿಗೆ ಅವಕಾಶ ಇರುತ್ತದೆ.

ದೂರದಲ್ಲಿದ್ದು ಲೆಕ್ಕ ಇಡುವುದು

ಊರಲ್ಲಿ ಓಡಾಡುವ ಗಾಡಿಗಳಲ್ಲಿ ಬಹಳಷ್ಟು ತಮಿಳುನಾಡಿನ ತಿರುಚೆಂಗೋಡು ಕಡೆಯವು. ಮಾತುಕತೆ ಮಾಡುವುದು ಸ್ಥಳೀಯ ಏಜೆಂಟ್. ಆದ್ದರಿಂದ ಬಾಯಿಮಾತು ಸಾಲದು. ಈ ವಿಷಯಗಳು ವಾಟ್ಸ್‌ಆ್ಯಪ್‌ನಲ್ಲಾದರೂ ಬರಹದಲ್ಲಿ ಇರಲಿ:

- 900 ಅಡಿವರೆಗಿನ ಪೂರ್ತಿ ರೇಟು ಪಟ್ಟಿ, ಬಾವಿಯ ಅಗಲ (4½ ಇಂಚೋ 6½ ಇಂಚೋ).
- ಕೇಸಿಂಗ್ ದರ, ಇಳಿಸುವ ಕೂಲಿ, ಫ್ಲಶಿಂಗ್, ಲಾರಿ ಬಾಡಿಗೆ, ಜಿಎಸ್‌ಟಿ ಸೇರಿದೆಯೋ ಇಲ್ಲವೋ.
- ಕನಿಷ್ಠ ಬಿಲ್ ಎಷ್ಟು ಅಡಿಗೆ.
- ಕೊರೆಯುವುದನ್ನು ನಿಲ್ಲಿಸುವ ಆಳ. ಅದನ್ನು ದಾಟಬೇಕಾದರೆ ಒಪ್ಪಿಗೆ ಕೊಡುವವರು ಯಾರು.

ಕೊರೆಯುವ ದಿನ ಮನೆಯವರಲ್ಲಿ ಒಬ್ಬರು ಪುಸ್ತಕ ಹಿಡಿದು ರಾಡ್ ಎಣಿಸಲಿ. ಒಂದು ರಾಡ್ ಎಷ್ಟು ಅಡಿ ಎಂದು ಮೊದಲೇ ಟೇಪ್ ಹಿಡಿದು ನೋಡಲಿ. ಎಷ್ಟನೇ ರಾಡ್‌ಗೆ ಒದ್ದೆ ಪುಡಿ ಬಂತು, ಎಲ್ಲಿ ನೀರು ಸಿಕ್ಕಿತು ಎಂದು ಬರೆದಿಡಲಿ. ಮುಂದೆ ಪಂಪ್ ಆರಿಸುವವರಿಗೂ ಅದು ಬೇಕು. ಕೆಲಸ ಮುಗಿದ ಮೇಲೆ ಹಗ್ಗಕ್ಕೆ ಭಾರ ಕಟ್ಟಿ ಇಳಿಸಿ ಆಳ ನೋಡಬಹುದು. ಹಣವನ್ನು ಬಿಲ್ ಪಡೆದು ಬ್ಯಾಂಕ್ ಮೂಲಕವೇ ಕಳುಹಿಸಿ.

ನೀರು ಕುಡಿಯುವ ಮೊದಲು ಪರೀಕ್ಷೆ ಮಾಡಿಸಿ. ಭಾರತೀಯ ಮಾನದಂಡದಂತೆ ಬೇರೆ ಮೂಲ ಇಲ್ಲದಿದ್ದರೂ ಫ್ಲೋರೈಡ್ ಲೀಟರ್‌ಗೆ 1.5 ಮಿಲಿಗ್ರಾಂ ದಾಟಬಾರದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ಫ್ಲೋರೈಡ್, ಸಮುದ್ರದ ಹತ್ತಿರ ಉಪ್ಪು ದೊಡ್ಡ ಸಮಸ್ಯೆ.

ನೀರು ಬಾರದಿದ್ದರೆ

ಫೇಲ್ ಆದ ಬಾವಿಯನ್ನು ಹಾಗೇ ಬಿಡುವಂತಿಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ತೆರೆದ ಕೊಳವೆಬಾವಿಗೆ ಮಗುವೊಂದು ಬಿತ್ತು. ಅದೃಷ್ಟಕ್ಕೆ ಜೀವಂತ ಸಿಕ್ಕಿತು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರಲಿಲ್ಲ. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು, ವಿಫಲ ಬಾವಿ ಮುಚ್ಚದವರಿಗೆ ಒಂದು ವರ್ಷದವರೆಗೆ ಜೈಲು, 25,000 ರೂ.ವರೆಗೆ ದಂಡ ಎಂದು ಮಾಡಲಾಗಿದೆ. ತಳದಿಂದ ನೆಲಮಟ್ಟದವರೆಗೆ ಮಣ್ಣು, ಕಲ್ಲು ತುಂಬಿಸಿ, ಗಾಡಿ ಹೊರಡುವ ಮೊದಲು ಫೋಟೋ ತರಿಸಿಕೊಳ್ಳಿ. ನೀರು ಬಂದ ಬಾವಿಗೂ ಪಂಪ್ ಇಳಿಸುವವರೆಗೆ ಗಟ್ಟಿ ಮುಚ್ಚಳ ಬೇಕು.

ಹಳೇ ಬಾವಿ ಇದ್ದರೆ ಮೊದಲು ಅದನ್ನು ನೋಡಿ

ಕರಾವಳಿಯ ಎಷ್ಟೋ ಮನೆಗಳಲ್ಲಿ ಹಿರಿಯರು ತೋಡಿದ ಬಾವಿ ಹೂಳು ತುಂಬಿ ಬಿದ್ದಿದೆ. ಹೂಳೆತ್ತಿಸಿ, ಚಾವಣಿಯ ಮಳೆನೀರನ್ನು ಸೋಸಿ ಅದಕ್ಕೆ ಬಿಟ್ಟರೆ ಬೋರ್‌ವೆಲ್ ಖರ್ಚಿನ ಒಂದು ಪಾಲಿನಲ್ಲೇ ಕೆಲಸ ಆಗಬಹುದು. ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಬೀಳುವಲ್ಲಿ 1,000 ಚದರ ಅಡಿ ಚಾವಣಿಯಿಂದ, ಐದನೇ ಒಂದು ಪಾಲು ಪೋಲಾದರೂ, ಎರಡೂವರೆ ಲಕ್ಷ ಲೀಟರ್ ನೀರು ಸಿಗುತ್ತದೆ.

ಅದೂ ಆಗದಿದ್ದರೆ ಬೋರ್‌ವೆಲ್ ಸರಿ. ಆದರೆ ಹಾಕಬಹುದಾದ ಮೊತ್ತ ಎಷ್ಟು, ನಿಲ್ಲಿಸುವ ಅಡಿ ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಮನೆಯವರೆಲ್ಲ ಸೇರಿ ಹಗಲಿನಲ್ಲೇ ಮಾತಾಡಿ ಬರೆದಿಡಿ. ರಾತ್ರಿ ಫೋನ್ ಬಂದಾಗ ಆ ಚೀಟಿ ನೋಡಿ ಉತ್ತರ ಹೇಳಿದರಾಯಿತು.